ಯುದ್ಧದ ಪತ್ರಿಕೆ, ರೇಷ್ಮೆಯ ಹುಳ

ಯುದ್ಧಕಾಲದ ಪ್ರಚಾರ ಪತ್ರಿಕೆಗಳನ್ನು ಸಂಗ್ರಹಿಸುವುದು ನನ್ನ ಘನವಾದ ಹವ್ಯಾಸ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಹಂಚಿದಂಥವು ಅವು. ಸೋತು ಓಡಿದರೂ 'ಯೋಜನೆಯಂತೆ ಹಿಂದೆ ಸರಿದೆವು' ಎಂದು ಬರೆಯುವ ಅವುಗಳ ಧೈರ್ಯ ನನಗೆ ಬಹಳ ಇಷ್ಟ! ಚಿಂತಾಮಣಿಯ ನಮ್ಮ ಮನೆಯ ಬೀರುವಿನ ತುಂಬ ಅವೇ. ಹೆಂಡತಿ ಶಾರದಾಳ ಸೀರೆಗಳು ಮಂಚದಡಿ ಸೇರಿವೆ.

ಕೆಂಚಾರ್ಲಹಳ್ಳಿಯಲ್ಲಿರುವ ನಾದಿನಿ ಸುನಂದಳ ಅಟ್ಟದಲ್ಲಿ ಅಂಥದ್ದೇ ಒಂದು ಕಟ್ಟು ಸಿಕ್ಕಿದೆಯೆಂದು ತಿಳಿದ ಕೂಡಲೇ ಬಸ್ಸು ಹತ್ತಿದೆ. ನನ್ನ ಮೇಲೆ ಒಂದು ಕಣ್ಣಿಡಲು ಶಾರದಾಳೂ ಬಂದಳು.

ಸುನಂದ ರೇಷ್ಮೆ ಹುಳ ಸಾಕುತ್ತಾಳೆ. "ಭಾವ, ಹೋದ ಸಲದ ಬೆಳೆ ರೋಗ ಬಂದು ಹೋಯ್ತು. ಇದಾದ್ರೂ ಕೈಹಿಡೀಬೇಕು. ಇನ್ನೆರಡು ದಿನಕ್ಕೆ ಗೂಡು ಕಟ್ತವೆ, ಸ್ವಲ್ಪ ಹುಷಾರು" ಎಂದಳು.

"ನನಗೇ ಹೇಳ್ತೀಯೇನಮ್ಮ?" ಎಂದು ನಕ್ಕೆ.

ಚಪ್ಪಲಿ ಹೊರಗೆ ಬಿಟ್ಟೆ. ಕೈಕಾಲು ತೊಳೆದೆ. ಹುಳದ ಮನೆಗೆ ಕಾಲಿಡಲೇ ಇಲ್ಲ. ಬೆಳಕು ಚೆನ್ನಾಗಿದೆಯೆಂದು ಅದರ ತೆರೆದ ಕಿಟಕಿಯ ಕೆಳಗೆ ಕಟ್ಟು ಬಿಚ್ಚಿ ಕೂತೆ.

ಮೊದಲ ಪುಟದಲ್ಲೇ ಪುಸ್ತಕದ ಹುಳ! ಗೆಲುವಿನ ಸುದ್ದಿಯನ್ನು ಅರ್ಧ ತಿಂದು ಮುಗಿಸಿತ್ತು. ತಕ್ಷಣ ಯುದ್ಧ ಸಾರಿದೆ. ಇಂಥ ಶತ್ರುಗಳಿಗೆಂದೇ ಚೀಲದಲ್ಲಿಟ್ಟುಕೊಂಡಿದ್ದ ಜಿರಲೆ ಸ್ಪ್ರೇ ತೆಗೆದು ಅರ್ಧ ಡಬ್ಬಿ ಹೊಡೆದೆ. ಗಾಳಿ ಕಿಟಕಿಯ ಕಡೆಗೆ ಬೀಸುತ್ತಿದ್ದುದನ್ನು ನಾನು ಗಮನಿಸಲಿಲ್ಲ.

ಸಂಜೆಗೆ ಕಿಟಕಿ ಪಕ್ಕದ ತಟ್ಟೆಗಳಲ್ಲಿ ಹುಳಗಳು ಹೊರಳಾಡಿ ಹಸಿರು ನೀರು ಕಾರತೊಡಗಿದವು. ಸುನಂದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ನಿಂತಲ್ಲೇ ನಿಂತಳು. ನನಗೆ ಎಲ್ಲ ಅರ್ಥವಾಯಿತು. ಆಗ ನಾನೊಂದು ಅಧಿಕೃತ ಪ್ರಕಟಣೆ ಹೊರಡಿಸಿದೆ.

"ಪಕ್ಕದ ತೋಟದ ಮುನಿಯಪ್ಪ ಟೊಮೆಟೊಗೆ ಔಷಧಿ ಹೊಡೆದಿರಬೇಕು ಕಣಮ್ಮ. ನಿನ್ನ ಸೊಪ್ಪಿನ ಮೇಲೆ ಬಿದ್ದಿದೆ."

ಸುನಂದ ನಂಬಿದಳು! ನೇರವಾಗಿ ಮುನಿಯಪ್ಪನ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಬೈದಳು. ನಾನೂ ಹಿಂದೆಯೇ ಹೋಗಿ ಗೋಡೆಗೊರಗಿ ನಿಂತೆ.

"ಅಕ್ಕಾ, ಈ ಸಲ ನಾನು ಟೊಮೆಟೊನೇ ಹಾಕಿಲ್ಲ ಕಣಕ್ಕ!" ಎಂದ ಪಾಪದ ಮನುಷ್ಯ.

ಅಷ್ಟರಲ್ಲಿ ಶಾರದಾ ಕಿಟಕಿಯ ಕೆಳಗಿದ್ದ ಡಬ್ಬಿ ಹಿಡಿದು ಬಂದಳು. "ಇದು ಯಾರದ್ರೀ?"

ಬೀದಿಯೇ ನನ್ನನ್ನು ನೋಡಿತು. ಯೋಜನೆಯಂತೆ ಹಿಂದೆ ಸರಿಯೋಣವೆಂದರೆ ಹಿಂದೆ ಗೋಡೆ! "ನಂದೇ" ಎಂದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಸುನಂದ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕೈಗೆ ಗುದ್ದಲಿ ಕೊಟ್ಟಳು. ಸತ್ತುಹೋದ ಅರ್ಧ ಬೆಳೆಯನ್ನು ಹೂಳಲು ಗುಂಡಿ ತೋಡತೊಡಗಿದೆ. ಉಳಿದ ಹುಳಗಳಿಗೆ ತನ್ನ ತೋಟದಿಂದ ಸೊಪ್ಪು ಹೊತ್ತು ತಂದವನು ಮುನಿಯಪ್ಪ! "ಕೈ ಬೊಬ್ಬೆ ಬರ್ತದೆ ಸಾರ್, ಕೊಡಿ ಇಲ್ಲಿ" ಎಂದು ಗುದ್ದಲಿಯನ್ನೂ ಇಸಿದುಕೊಂಡ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆ ಪತ್ರಿಕೆಗಳು ಈಗ ನಮ್ಮ ಬೀರುವಿನಲ್ಲಿವೆ. ನಿನ್ನೆ ತೆರೆದು ನೋಡಿದೆ. ಒಳಗಿನ ಹುಳಗಳು ಮಾತ್ರ ಆರೋಗ್ಯವಾಗಿವೆ!