ಮೂರನೇ ಕ್ಲಾಸಿನ ನೆರಳು ಹೋದದ್ದು

ಮಾಧವಿ ಮಿಸ್ಸು ಹೇಳಿದ್ದು ಇಷ್ಟೇ. "ನಾಳೆ ಮಧ್ಯಾಹ್ನ ನಿಮ್ಮೆಲ್ಲರ ನೆರಳೂ ಮಾಯ ಆಗುತ್ತೆ. ನೆಟ್ಟಗೆ ನಿಲ್ಲೋ ಸಾಮಾನು ಒಂದೊಂದು ತನ್ನಿ." ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡೇ ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ ಎಂಬ ಉಳಿದರ್ಧ ಹೇಳುವಷ್ಟರಲ್ಲಿ ಬೆಲ್ಲು ಹೊಡೆದಿತ್ತು. ಮಕ್ಕಳು ಚಾಮರಾಜಪೇಟೆಯ ಗಲ್ಲಿಗಲ್ಲಿಗೆ ಚದುರಿ, ಕೇಳಿಸಿಕೊಂಡ ಅರ್ಧವನ್ನು ಮನೆಮನೆಗೆ ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ಗೇಟು ದಾಟುವಾಗಲೇ ಮಾಧವಿಗೆ ಏನೋ ಸರಿಯಿಲ್ಲ ಅನ್ನಿಸಿತು. ದಿನವೂ "ತಿಂಡಿ ಆಯ್ತಾ ಮಿಸ್" ಎಂದು ನಗುತ್ತಿದ್ದ ತಾಯಂದಿರು ಗುಂಪಾಗಿ ನಿಂತು ಏನೋ ಕುದಿಯುತ್ತಿದ್ದವರು, ಅವಳನ್ನು ಕಂಡದ್ದೇ, ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಕೆಳಗಿಳಿದರು.

ಎರಡು ವರ್ಷದಿಂದ ಅವಳದು ಟೆಂಪರರಿ ಕೆಲಸ. ಖಾಯಂ ಆಗುತ್ತದೋ ಇಲ್ಲವೋ ಎಂದು ಹೇಳಲು ಶಾಲೆಯ ಸೆಕ್ರೆಟರಿ ಅವತ್ತೇ ಮಧ್ಯಾಹ್ನ ಬರುವವರಿದ್ದರು. ಹಾಗಾಗಿ ಅವಳಿಗೆ ಕಂಡದ್ದೆಲ್ಲ ಸೂಚನೆಯೇ. ಆಯಾ ತಂದ ಟೀ ತನ್ನ ಲೋಟದಲ್ಲಿ ಮಾತ್ರ ಅರ್ಧಕ್ಕೇ ನಿಂತದ್ದು ಯಾಕೆ? ಹೆಡ್‌ಮಿಸ್ ಶಕುಂತಲಮ್ಮ ಗುಡ್ ಮಾರ್ನಿಂಗಿಗೆ ಬರೀ ಕತ್ತು ಆಡಿಸಿದ್ದು ಯಾಕೆ? ಇನ್ನೊಬ್ಬರ ಮರ್ಜಿಯಲ್ಲಿ ದುಡಿಯುವ ಹೆಂಗಸು ಎದುರಿನವರ ಹುಬ್ಬು ಓದುವುದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾಳೆ. ಮಾಧವಿ ಅದರಲ್ಲಿ ಡಿಸ್ಟಿಂಕ್ಷನ್ ಪಡೆದವಳು.

ಪ್ರೇಯರ್ ಮುಗಿಯುತ್ತಲೇ ಶಕುಂತಲಮ್ಮ ಕರೆದರು.

"ಅಲ್ಲಮ್ಮ, ಮಕ್ಕಳದ್ದು ಏನೋ ತೆಗೀತೀನಿ ಅಂದ್ಯಂತೆ?"

"ತೆಗೆಯೋದಲ್ಲ ಮೇಡಂ. ನೆರಳು. ತಾನೇ ಹೋಗುತ್ತೆ."

"ಹೋದ್ರೆ ಯಾರು ಜವಾಬ್ದಾರಿ? ಪೇರೆಂಟ್ಸ್ ಗ್ರೂಪಲ್ಲಿ ಬೆಳಿಗ್ಗೆಯಿಂದ ಅದೇ ಕೇಳ್ತಿದಾರೆ, ನಮ್ಮ ಪರ್ಮಿಷನ್ ಯಾಕೆ ತಗೊಂಡಿಲ್ಲ ಅಂತ."

"ಎರಡು ನಿಮಿಷಕ್ಕೆ ವಾಪಸ್ ಬರುತ್ತೆ ಮೇಡಂ."

"ಗ್ಯಾರಂಟಿನಾ?"

ಮಾಧವಿ ಗ್ಯಾರಂಟಿ ಎಂದಳು. ಆದರೆ ಹೊರಗೆ ಬಂದು ಶ್ರಾವಣದ ಮೋಡ ನೋಡಿದಾಗ, ಸೂರ್ಯನೂ ಆ ವಾಟ್ಸಾಪ್ ಗುಂಪಿನಲ್ಲಿದ್ದಾನೋ ಎಂಬ ಗುಮಾನಿ ಬಂತು.

ಹನ್ನೆರಡು ಹೊಡೆಯಿತು. ಅಂಗಳದಲ್ಲಿ ಅವಳು ಚಾಕ್‌ಪೀಸಿನಿಂದ ದೊಡ್ಡದೊಂದು ವೃತ್ತ ಬರೆದು, ನಾಲ್ಕು ದಿಕ್ಕಿಗೂ ಗೆರೆ ಎಳೆದಳು. ಮಕ್ಕಳು ತಂದದ್ದನ್ನೆಲ್ಲ ಅದರೊಳಗೆ ನಿಲ್ಲಿಸಿದರು. ಮಾನ್ಯಳ ಮನೆಯ ಲಟ್ಟಣಿಗೆ, ಆತ್ರೇಯನ ಎಣ್ಣೆ ಶೀಷೆ. ಲಿಖಿತ್ ದೇವರ ಮನೆಯ ದೀಪದ ಕಂಬವನ್ನೇ ಹೊತ್ತು ತಂದಿದ್ದ, ಅರಿಶಿನ ಕುಂಕುಮದ ಸಮೇತ. ಭೂಮಿ ದುಂಡಗಿದೆ ಎಂದು ತೋರಿಸಲು ಚೆಂಡು ಬೇಕಿತ್ತು. ಪಿಟಿ ಮಾಸ್ತರು ರಜೆ, ಬೀರುವಿಗೆ ಬೀಗ. ಕೊನೆಗೆ ಆಯಾ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಕೊಟ್ಟಳು. ಮಾಧವಿ ಅದನ್ನು ವೃತ್ತದ ನಟ್ಟನಡುವೆ ಇಟ್ಟಳು.

ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ ನಿಂತಿದ್ದ ಮಾನ್ಯಳ ಅಜ್ಜಿ ತ್ರಿಪುರಸುಂದರಮ್ಮ ಕೂಗಿಕೊಂಡರು. "ಅಯ್ಯೋ ಶಿವನೇ! ಮಂಡಲ ಬರೆದು ನಿಂಬೆಹಣ್ಣು ಇಟ್ಬಿಟ್ಳಲ್ರೇ!"

ವಾಚ್‌ಮನ್ ಬೇಡ ಅನ್ನುವಷ್ಟರಲ್ಲಿ ತಾಯಂದಿರ ದಂಡು ಅಂಗಳದಲ್ಲಿತ್ತು.

"ಅಜ್ಜಿ, ಅದು ಉತ್ತರ ದಕ್ಷಿಣ ಅಷ್ಟೇ," ಎಂದಳು ಮಾಧವಿ.

"ಯಾವ ದಿಕ್ಕಿಗೆ ನಿಂತು ಏನ್ ಮಾಡ್ತಾರೆ ಅಂತ ನಂಗೂ ಗೊತ್ತು ಕಣಮ್ಮ."

"ನಿಂಬೆಹಣ್ಣು ಭೂಮಿ ಅಜ್ಜಿ!"

"ಹೂಂ, ಭೂಮಿಗೇ ಕೈ ಹಾಕಿದೀಯ. ನೆರಳಿಲ್ದೇ ಇರೋದು ದೆವ್ವಕ್ಕೆ ಮಾತ್ರ. ನಮ್ ಹುಡುಗೀನ ದೆವ್ವ ಮಾಡ್ಬೇಡ."

"ಅಜ್ಜಿ, ನಾನೇ ಫಸ್ಟು ಮಾಯ ಆಗೋದು!" ಎಂದು ಮಾನ್ಯ ಕುಣಿದಳು. ಅಜ್ಜಿ ಅವಳ ಜಡೆ ಹಿಡಿದುಕೊಂಡರು, ಹೋದರೆ ಜಡೆಯಾದರೂ ಉಳಿಯಲಿ ಎಂಬಂತೆ.

ಅಷ್ಟರಲ್ಲಿ ಮೋಡ ಸರಿಯಿತು. ಬಿಸಿಲು ಬಕೆಟ್ಟಿನಿಂದ ಸುರಿದ ಹಾಗೆ ಅಂಗಳಕ್ಕೆ ಬಿತ್ತು. ದೀಪದ ಕಂಬದ ನೆರಳು ನೋಡನೋಡುತ್ತ ಮೊಂಡಾಯಿತು, ಬೆರಳುದ್ದವಾಯಿತು, ಇಲ್ಲವಾಯಿತು. ಲಟ್ಟಣಿಗೆಯದೂ ಇಲ್ಲ, ಶೀಷೆಯದೂ ಇಲ್ಲ. ಅಜ್ಜಿ ಸೀರೆಯ ನೆರಿಗೆ ಎತ್ತಿ, ಕಾಲ ಸುತ್ತ ತಮ್ಮ ನೆರಳನ್ನು ಹುಡುಕಿದರು. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಅಂಗಳಕ್ಕೆಲ್ಲ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಕಂಬದ ಪೂರ್ವಕ್ಕೆ ಕಾಡಿಗೆ ಎಳೆಯಂಥ ಗೆರೆ ಮೂಡಿತು.

"ಬಂತು! ವಾಪಸ್ ಬಂತು!"

ಮಕ್ಕಳು ಚಪ್ಪಾಳೆ ತಟ್ಟಿದರು, ತಾಯಂದಿರು ಅವರಿಗಿಂತ ಜೋರಾಗಿ ತಟ್ಟಿದರು. ತ್ರಿಪುರಸುಂದರಮ್ಮ ಮಾಧವಿಯ ಎರಡೂ ಕೈ ಹಿಡಿದುಕೊಂಡರು. "ತಪ್ಪು ತಿಳ್ಕೊಂಡ್ಬಿಟ್ಟೆ ತಾಯಿ. ತೆಗೆದಿದ್ದನ್ನ ಒಂಚೂರೂ ಮುಕ್ಕಾಗ್ದಂಗೆ ವಾಪಸ್ ಕೊಟ್ಟೆ. ನಿನ್ನ ಕೈ ಬಲು ಶುದ್ಧ."

ಸೂರ್ಯನ ವಿಷಯ ಮತ್ತೆ ಮೊದಲಿಂದ ಹೇಳೋಣವೆಂದುಕೊಂಡವಳು, ಬೆಳಗಿನಿಂದ ಮೊದಲ ಬಾರಿಗೆ ಸಿಕ್ಕ ನಗುಮುಖಗಳನ್ನು ಕಂಡು ಸುಮ್ಮನಾದಳು. ಒಂದು ನಿಮಿಷ ಸುಖವಾಗಿ ಉಸಿರಾಡಿದರೆ ಯಾರಿಗೇನು ನಷ್ಟ?

ಆ ಒಂದು ನಿಮಿಷಕ್ಕೇ ಸೆಕ್ರೆಟರಿ ವೃಷಭೇಂದ್ರಪ್ಪನವರ ಸ್ಕೂಟರು ಒಳಗೆ ಬಂತು. ಪೇಟೆಯಲ್ಲಿ ಅವರದು ಬೇಳೆ ಮಂಡಿ. ಮೂಟೆ ಬಿಚ್ಚಿ ಕೈಯಾರೆ ಹಿಡಿ ತೆಗೆದು ನೋಡದೆ ಯಾವುದನ್ನೂ ನಂಬುವವರಲ್ಲ. ಏನು ಗಲಾಟೆ ಎಂದು ಕೇಳಿದ್ದಕ್ಕೆ ಹತ್ತು ಜನ ಒಟ್ಟಿಗೇ ವರದಿ ಒಪ್ಪಿಸಿದರು. "ಎಲ್ರ ನೆರಳೂ ತೆಗೆದ್ರು ಸಾರ್! ಆಮೇಲೆ ವಾಪಸ್ ತಂದ್ರು!"

"ನಮ್ಮ ಶಾಲೇಲಿ ಮಾತ್ರ ಸಾರ್," ಎಂದು ಶಕುಂತಲಮ್ಮನೂ ಸೇರಿಸಿದರು.

ಸೆಕ್ರೆಟರಿ ಜೇಬಿನ ಮೇಲೆ ಕೈ ಇಟ್ಟುಕೊಂಡರು. "ಖಾಯಂ ಆರ್ಡರ್ ಸೈನ್ ಮಾಡ್ಕೊಂಡೇ ಬಂದಿದೀನಿ ಕಣಮ್ಮ. ಎಲ್ಲಿ, ಒಂದ್ಸಲ ನಂದು ತೆಗೀರಿ ನೋಡೋಣ."

"ಈಗಾಗಲ್ಲ ಸಾರ್. ಇನ್ನು ಏಪ್ರಿಲ್‌ಗೇ."

"ಏಪ್ರಿಲ್ ರಜೆ ಅಲ್ವಾ? ಡಿಸೆಂಬರಲ್ಲಿ ಅಡ್ಮಿಷನ್. ಅವತ್ತು ಮಾಡಿ, ಜನ ಕ್ಯೂ ನಿಲ್ತಾರೆ."

"ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕಿರ್ತಾನೆ ಸಾರ್. ನಾನೇನೂ ಮಾಡೋದಲ್ಲ ಇದು!"

"ಸುಮ್ನೆ ಹೇಳ್ತಾರೆ ಸಾರ್," ಎಂದರು ತ್ರಿಪುರಸುಂದರಮ್ಮ, ಅಭಿಮಾನ ತಡೆಯಲಾರದೆ. "ನನ್ನ ಕಣ್ಣಾರೆ ನೋಡಿದೀನಿ. ಬಹಳ ಸಂಕೋಚ ಅವರಿಗೆ."

ವೃಷಭೇಂದ್ರಪ್ಪನವರ ಕಣ್ಣು ಕಿರಿದಾಯಿತು. ದನಿ ತಗ್ಗಿಸಿದರು. "ನಿಜ ಹೇಳಿ, ಎದುರು ರಸ್ತೆ ಸ್ಕೂಲಿನವರು ಎಷ್ಟು ಕೊಡ್ತೀವಿ ಅಂದಿದಾರೆ? ಪೇರೆಂಟ್ಸಿಗೆ ಮಾಡಿ ತೋರಿಸ್ತೀರಿ, ಮ್ಯಾನೇಜ್‌ಮೆಂಟಿಗೆ ಆಗಲ್ಲ ಅಂತೀರಿ."

"ಸಾರ್, ದೇವರಾಣೆ..."

"ಆಣೆ ಯಾಕೆ? ಡಿಸೆಂಬರ್‌ವರೆಗೂ ಟೆಂಪರರಿಯಾಗೇ ಇರಿ. ಅಡ್ಮಿಷನ್ ದಿನ ಎಲ್ರ ನೆರಳೂ ಹೋಗ್ಲಿ, ಅವತ್ತೇ ಸಂಜೆ ಆರ್ಡರ್ ನಿಮ್ಮ ಕೈಲಿರುತ್ತೆ."

ಆರ್ಡರಿದ್ದ ಜೇಬಿನ ಗುಂಡಿ ಹಾಕಿಕೊಂಡು ಅವರು ಹೊರಟರು. ಸ್ಕೂಟರಿನವರೆಗೆ ಹೋಗುವುದರೊಳಗೆ, ತಮ್ಮ ಗಿಡ್ಡ ನೆರಳು ಜೊತೆಗೇ ಬರುತ್ತಿದೆಯೇ ಎಂದು ಎರಡು ಸಲ ಬಗ್ಗಿ ನೋಡಿಕೊಂಡರು.