ಗಿಡಕ್ಕೊಂದು ಹಿಡಿ ಮಣ್ಣು

ಪೇಟೆ ಬೀದಿಯಲ್ಲಿ ಗಿಡ ನೆಡಿಸುವ ಕೆಲಸಕ್ಕೆ ಸೇರಿದವನಿಗೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ, ತಪ್ಪಿಸಿಕೊಳ್ಳುವ ದಾರಿಯಿಲ್ಲ. ನಾನು ಸುಗಟೂರಿನ ಕಡೆಯ ರಾಗಿ ಹೊಲದಿಂದ ಬಂದವನು. ಎಪ್ಪತ್ತರ ದಶಕದಲ್ಲಿ ಈ ಸರ್ಕಾರಿ ಕೆಲಸ ಸಿಕ್ಕಿತು. ಜನ ನನ್ನನ್ನು ಗಿಡದ ಮೇಸ್ತ್ರಿ ಎಂದರು. ಬೀದಿ ಗಿಡಕ್ಕೆ ಬಕೆಟ್ಟಿನಷ್ಟು ಗುಂಡಿ ಸಾಕೆಂದು ಆಫೀಸಿನ ಲೆಕ್ಕ. ಮರ ಎಷ್ಟಗಲ ನೆರಳು ಚೆಲ್ಲುತ್ತದೋ ಅದಕ್ಕಿಂತ ಅಗಲಕ್ಕೆ ಅದರ ಬೇರು ಓಡಬೇಕು, ಓಡಲು ಸಡಿಲ ಮಣ್ಣು ಬೇಕು ಎಂದು ನಾನು ಹೇಳಿದರೆ ಯಾರ ಕಿವಿಗೂ ಹೋಗುತ್ತಿರಲಿಲ್ಲ. ನೆಟ್ಟಿದ್ದೆಲ್ಲ ಒಣಗುತ್ತಿತ್ತು. ರಿಟೈರ್ ಆಗುವುದರೊಳಗೆ ಒಂದಾದರೂ ಮರ ಬದುಕಿಸಬೇಕು, ಅಷ್ಟೇ ನನ್ನ ಆಸೆ.

ಮಾಲೂರಿನ ಮಣ್ಣು

ಮಾಲೂರಿನ ಮಣ್ಣೆಂದರೆ ಹಂಚಿಗೆ, ಇಟ್ಟಿಗೆಗೆ ಹೇಳಿ ಮಾಡಿಸಿದ್ದು. ಸ್ಟೇಷನ್ ರಸ್ತೆಯಲ್ಲಿ ಸಾಲಾಗಿ ಗುಂಡಿ ತೋಡಿಸಿ, ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿಸಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಗುಡ್ಡೆಗಳಿಲ್ಲ. ಗುಂಡಿಗಳ ತುಂಬ ಒಡೆದ ಹಂಚು. ಹಂಚು ಸುಡುವ ಗೂಡಿನ ಯಜಮಾನನ ಹತ್ತಿರ ಓಡಿದೆ.

"ಏನ್ ಯಜಮಾನ್ರೇ, ಗಿಡದ ಮಣ್ಣು ಎತ್ಕೊಂಡು ಹೋಗಿದ್ದೀರಲ್ಲ?"

"ಎತ್ಕೊಂಡಿದ್ದಕ್ಕೆ ವಾಪಸ್ ಕೊಟ್ಟಿದ್ದೀನಲ್ಲ ಮೇಸ್ತ್ರಿ."

"ಕೊಟ್ಟಿದ್ದು ಹಂಚಲ್ಲವೇನ್ರೀ!"

"ಅದೂ ಮಣ್ಣೇ ತಾನೇ? ಒಂದ್ಸಲ ಸುಟ್ಟಿದ್ದೀವಿ, ಅಷ್ಟೇ."

ಕಾಯಿ ಬಿಡದ ಮರ

ಅಲ್ಲಿಂದ ಶ್ರೀನಿವಾಸಪುರಕ್ಕೆ ವರ್ಗ. ಮಾವಿನ ಸೀಮೆ, ಗಿಡದ ಸುಖದುಃಖ ಬಲ್ಲ ಜನ ಎಂದು ಖುಷಿಯಿಂದಲೇ ಹೋದೆ. ಬೀದಿ ಗಿಡದ ಉಸ್ತುವಾರಿ ಯಲ್ದೂರಿನ ಕಡೆಯ ಒಬ್ಬ ಗೌಡರದು. ಅವರ ತೋಟದಲ್ಲಿ ಎರಡು ಮಾವಿನ ಮರದ ನಡುವೆ ಎತ್ತಿನ ಗಾಡಿ ತಿರುಗಿಸಬಹುದು. ಅಂಥವರು ಪೇಟೆಯಲ್ಲಿ ಮೊಳಕ್ಕೊಂದು ಸಸಿ ಚುಚ್ಚಿಸುತ್ತಿದ್ದರು.

"ಗೌಡ್ರೇ, ತೋಟದಲ್ಲಿ ಅಷ್ಟು ಜಾಗ ಬಿಡ್ತೀರಿ. ಇಲ್ಲಿ ಬೇರಿಗೆ ಮಣ್ಣೆಲ್ಲಿ ಸಾಲ್ತದೆ?" ಎಂದೆ.

ಗೌಡರು ನನ್ನ ಮುಖ ನೋಡಿ ಕನಿಕರಪಟ್ಟರು. "ಅಲ್ಲಿ ಹಣ್ಣು ಬರಬೇಕು ಕಣಯ್ಯಾ. ಇಲ್ಲಿ ನಾಳೆ ಮಂತ್ರಿ ಬರ್ತಾವ್ರೆ."

ಮಂತ್ರಿ ಬಂದು ಹೋದರು. ಗಿಡಗಳೂ ಅವರ ಹಿಂದೆಯೇ ಹೋದವು.

ಗಟ್ಟಿ ಕಟ್ಟೆ

ಮುಳಬಾಗಿಲಿನಲ್ಲಿ ಒಂದು ಬೇವಿನ ಗಿಡ ಹೇಗೋ ಚಿಗುರಿ, ಎರಡಾಳೆತ್ತರ ಬೆಳೆಯಿತು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲ್‌ನವನಿಗೆ ಅದರ ಮೇಲೆ ಪ್ರಾಣ. ಪ್ರೀತಿ ಹೆಚ್ಚಾಗಿ ಅದಕ್ಕೊಂದು ಕಟ್ಟೆ ಕಟ್ಟಿಸಿದ. ಕಲ್ಲು ಜೋಡಿಸಿ, ಬುಡದ ತೊಗಟೆಗೆ ತಾಗುವಂತೆ ಸಿಮೆಂಟು ಮೆತ್ತಿಸಿ, ಮೇಲೆ ಕೆಂಪು ಬಣ್ಣ. ತಿಂಗಳೊಪ್ಪತ್ತಿನಲ್ಲಿ ಎಲೆ ಉದುರತೊಡಗಿತು.

"ಸಿಮೆಂಟು ಒಡೆಸಪ್ಪಾ, ಬೇರಿಗೆ ಗಾಳಿಯಿಲ್ಲ, ನೀರಿಲ್ಲ," ಎಂದು ಅಂಗಲಾಚಿದೆ.

"ಅಯ್ಯೋ, ಊರುಕೋಂಡಿ ಮೇಸ್ತ್ರಿ, ಸುಮ್ನಿರಿ. ದೃಷ್ಟಿ ಆಗೈತೆ ಅಷ್ಟೇ," ಎಂದು ಅವನು ಕೊಂಬೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಬಿರುಕು ಬಿಟ್ಟ ಕಡೆ ಇನ್ನೊಂದು ಕೋಟ್ ಸಿಮೆಂಟು ಬಿತ್ತು. ದಿನಾ ಬೆಳಗ್ಗೆ ಅದರ ಮೇಲೆ ಒಂದು ಕೊಡ ನೀರು ಸುರಿದು ಕೈ ಮುಗಿಯುತ್ತಿದ್ದ. ನೀರು ಹರಿದು ಚರಂಡಿ ಸೇರುತ್ತಿತ್ತು.

ಒಣಗಿದ ಮರ ಕಡಿದ ದಿನ ನಾನು ಆ ಕಟ್ಟೆಯ ಮೇಲೇ ಕೂತುಬಿಟ್ಟೆ. ಅವನೇ ಟೀ ಕೊಟ್ಟು ಸಮಾಧಾನ ಹೇಳಿದ. "ಪೋನೀಲೆಂಡಿ, ಮರ ಹೋದ್ರೆ ಹೋಗ್ಲಿ. ಕಟ್ಟೆ ನೋಡಿ ಮೇಸ್ತ್ರಿ, ಒಂದು ಚೂರು ಅಲ್ಲಾಡಿಲ್ಲ!"

ಕೋಲಾರದ ಹೊಂಗೆ

ಕೊನೆಗೆ ವರ್ಗವಾಗಿದ್ದು ಕೋಲಾರಕ್ಕೆ. ರಿಟೈರ್ ಆಗಲು ಹೆಚ್ಚು ದಿನ ಉಳಿದಿರಲಿಲ್ಲ. ಯಾರನ್ನೂ ಕೇಳದೆ ಕೆರೆ ಕಡೆಯ ರಸ್ತೆ ಪಕ್ಕ ಒಂದು ಗುಂಡಿ ತೋಡಿಸಿದೆ. ಆಳು ಮಲಗುವಷ್ಟು ಉದ್ದ, ಸೊಂಟದಾಳ. ಒಳಗಿಂದ ಬಂದದ್ದೆಲ್ಲ ರಸ್ತೆಯ ಜಲ್ಲಿ, ಗರಸು. ಅದನ್ನು ಬೇರೆಡೆ ಹಾಕಿಸಿದೆ. ಉಳಿದದ್ದು ಸ್ವಲ್ಪ ಮೇಲ್ಮಣ್ಣು ಮಾತ್ರ; ಅರ್ಧ ತಳಕ್ಕೆ ಹರಡಿಸಿ, ಅರ್ಧ ಅಂಚಿನಲ್ಲಿ ಇಡಿಸಿದೆ. ಗುಂಡಿ ತುಂಬಲು ಮಣ್ಣಿಲ್ಲ, ಕೇಳಿದರೆ ಆಫೀಸು ಕೊಡುವುದಿಲ್ಲ. ಆಳುಗಳು ಮನೆಗೆ ಹೋದರು. ಬಿಸಿಲಿಗೆ ತಲೆ ಮೇಲೆ ಟವಲ್ ಹಾಕಿಕೊಂಡು ಗುಂಡಿ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

ಜಟಕಾದವನೊಬ್ಬ ಗಾಡಿ ನಿಲ್ಲಿಸಿದ. ಗುಂಡಿ ನೋಡಿದ, ನನ್ನ ಮುಖ ನೋಡಿದ. ಏನೂ ಕೇಳದೆ ಇಳಿದು, ಒಂದು ಹಿಡಿ ಮಣ್ಣು ಗುಂಡಿಗೆ ಹಾಕಿ, ಕೈ ಮುಗಿದು ಹೋದ. ಹೆಣ ಹೂಳುವಾಗ ಹಿಡಿ ಮಣ್ಣು ಹಾಕದೆ ಹೋಗಬಾರದು ನೋಡಿ, ಅದು ನಮ್ಮ ಕಡೆಯ ಪದ್ಧತಿ. ಅವನನ್ನು ಕಂಡು ಸಂತೆಗೆ ಹೊರಟವರೆಲ್ಲ ನಿಂತು ಒಂದೊಂದು ಹಿಡಿ ಹಾಕಿದರು.

"ರೋಡ್ ಪಕ್ಕದಲ್ಲೇ ಜಾಗ ಕೊಟ್ಟವ್ರೆ ಅಂದ್ರೆ ಯಾರೋ ದೊಡ್ಡ ಮನುಷ್ಯನೇ ಕಣ್ಲಾ," ಎಂದು ಒಬ್ಬ ಪಿಸುಗುಟ್ಟಿದ.

ಆಗ ಕೆರೆ ಹೂಳಿನ ಗೋಡುಮಣ್ಣು ತುಂಬಿಕೊಂಡು ಹೊಲಗಳಿಗೆ ಹೊರಟ ಎತ್ತಿನ ಗಾಡಿಗಳು ಬಂದವು. ಮುಂದಿನ ಗಾಡಿಯವನು ಇಣುಕಿ ನೋಡಿ, "ಪಾಪ, ಮುಚ್ಚೋಕೂ ಮಣ್ಣಿಲ್ವಲ್ಲ," ಎಂದು ಲೊಚಗುಟ್ಟಿ, ಇಡೀ ಗಾಡಿ ಬಗ್ಗಿಸಿದ. ಹಿಂದಿನವರೂ ಬಗ್ಗಿಸಿದರು. ನಿಜ ಹೇಳಲು ಬಾಯಿ ತೆರೆದಿದ್ದೆ. ಆ ಕಪ್ಪು ಮಣ್ಣು ನೋಡಿದ ಮೇಲೆ ಬಾಯಿ ತಾನಾಗೇ ಮುಚ್ಚಿಕೊಂಡಿತು.

ಸಂಜೆ ಹೊಂಗೆ ಸಸಿ ನೆಟ್ಟೆ. ಮೂರನೇ ದಿನ ಯಾರೋ ಹಾಲು ತುಪ್ಪವನ್ನೂ ಬಿಟ್ಟು ಹೋಗಿದ್ದರು. ಸಮಾಧಿಯೆಂದು ಯಾರೂ ಅಲ್ಲಿ ಅಗೆಯಲಿಲ್ಲ, ಸಿಮೆಂಟು ಹಾಕಲಿಲ್ಲ, ಮೇಕೆ ಕಟ್ಟಲಿಲ್ಲ.

ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ, ಒಂದು ಮಧ್ಯಾಹ್ನ ನೋಡಲು ಹೋದೆ. ನನ್ನ ಹೊಂಗೆ ರಸ್ತೆಯ ಅರ್ಧಕ್ಕೆ ನೆರಳು ಚೆಲ್ಲಿತ್ತು. ಕಣ್ಣು ತುಂಬಿ ಬಂತು. ಬುಡದಲ್ಲಿ ಕೂತೆ. ಪಕ್ಕದಲ್ಲಿ ಹೂವು ಮಾರುತ್ತಿದ್ದ ಹೆಂಗಸು ಗದರಿದಳು.

"ಎದ್ದೇಳು ತಾತಾ! ಅಲ್ಲಿ ಕೂರಬಾರ್ದು. ಕೆಳಗೆ ಒಬ್ಬರನ್ನ ಮಣ್ಣು ಮಾಡವ್ರೆ."

"ಯಾರನ್ನಮ್ಮಾ?"

"ಯಾರೋ ಗಿಡದ ಮೇಸ್ತ್ರಿ ಅಂತೆ. ಪಾಪ, ನೆಟ್ಟಿದ್ದು ಒಂದೂ ಬದುಕ್ಲಿಲ್ವಂತೆ. ಅದೇ ಕೊರಗಲ್ಲಿ ಹೋಗ್ಬಿಟ್ರಂತೆ."

ನಾನು ಎದ್ದು ನಿಂತೆ. ಅವಳು ಬುಟ್ಟಿಯಿಂದ ಒಂದು ಸೇವಂತಿಗೆ ತೆಗೆದು ನನ್ನ ಕೈಗೆ ಕೊಟ್ಟಳು. "ಇಟ್ಟು ಕೈ ಮುಗಿ ತಾತಾ, ಒಳ್ಳೇ ಮನುಷ್ಯ ಅಂತೆ."

ಇಟ್ಟು, ಕೈ ಮುಗಿದು ಬಂದೆ.