ಐದನೆಯ ಖಾಲಿ ಆಂಪೂಲು

ಗ್ಯಾಸಣ್ಣನ ದವಡೆ ಹಲ್ಲು ಮೂರು ದಿನದಿಂದ ನೋಯುತ್ತಿತ್ತು. ಬರೀ ನೋವಾಗಿದ್ದರೆ ಹೇಗೋ ಸಹಿಸಬಹುದಿತ್ತು. ನೋಡಿದವರೆಲ್ಲ ಔಷಧಿ ಬೇರೆ ಹೇಳುತ್ತಿದ್ದರು. ಆಸ್ಪತ್ರೆಯ ಗೇಟು ಕಾಯುವವನು ಲವಂಗ ಕಚ್ಚು ಅಂದ. ಲಿಫ್ಟಿನವನು ಉಪ್ಪುನೀರು ಮುಕ್ಕಳಿಸು ಅಂದ. ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜನೊಬ್ಬ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ, "ಎಲ್ಲಾ ಕೀಳಿಸಿಬಿಡಪ್ಪ, ನನ್ನ ಹಾಗೆ ಆರಾಮಾಗಿರಬಹುದು" ಅಂದ.

ಗ್ಯಾಸಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಯ ಯಂತ್ರ ಹೊಂದಿಸುವುದು, ಗ್ಯಾಸಿನ ಪೈಪು ಜೋಡಿಸುವುದು, ಡಾಕ್ಟರಮ್ಮ ಕೇಳಿದ ಔಷಧಿಯನ್ನು ಕೈಗಿಡುವುದು ಅವನ ಕೆಲಸವಾದ್ದರಿಂದ ಬಂದ ಹೆಸರು. ಹದಿನೆಂಟು ವರ್ಷದಿಂದ ಊರಿನವರ ನೋವನ್ನೆಲ್ಲ ಮಲಗಿಸಲು ನೆರವಾದವನಿಗೆ ತನ್ನದೊಂದು ಹಲ್ಲನ್ನು ಮಲಗಿಸಲಾಗದೆ ಮೂರು ರಾತ್ರಿ ಕಳೆದಿದ್ದವು. ಆದರೆ ಇವತ್ತು ಕೊನೆ. ಹಲ್ಲಿನ ಡಾಕ್ಟರು ನಾಲ್ಕು ಗಂಟೆಯೊಳಗೆ ಬಂದರೆ ಕಿತ್ತುಕೊಡುತ್ತೇನೆ ಅಂದಿದ್ದರು. ನಾಲ್ಕಕ್ಕೆ ಬಾಗಿಲು ಹಾಕಿದರೆ ಹದಿನೈದು ದಿನ ರಜೆ. ಊರಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರಿದ್ದರು ನಿಜ. ಅವರು ನೋಯುವ ಹಲ್ಲನ್ನು ಬಿಟ್ಟು ಪಕ್ಕದ್ದನ್ನು ಕೀಳುತ್ತಾರೆ ಎಂದು ಗ್ಯಾಸಣ್ಣನ ಅತ್ತೆ ಬಾಯಿ ತೆರೆದು ಸಾಕ್ಷಿ ತೋರಿಸುತ್ತಿದ್ದರು.

ಬೆಳಗಿನ ಮೂರು ಆಪರೇಷನ್ನು ಮುಗಿಯುವಾಗ ಒಂದೂವರೆ. ಇನ್ನು ಖಾಲಿ ಆಂಪೂಲುಗಳನ್ನು ಔಷಧಿ ಕೋಣೆಗೆ ಒಪ್ಪಿಸಿದರೆ ಕೆಲಸ ಮುಗಿಯಿತು.

ಈ ಒಪ್ಪಿಸುವ ವಿಚಾರ ಸ್ವಲ್ಪ ಹೇಳಬೇಕು. ಆಪರೇಷನ್ನಿನ ಹೊತ್ತಿಗೆ ನೋವು ಗೊತ್ತಾಗದಿರಲಿ ಎಂದು ಫೆಂಟನಿಲ್ ಅಂತ ಒಂದು ಔಷಧಿ ಕೊಡುತ್ತಾರೆ. ಅಫೀಮಿನ ಕುಲದ್ದು. ಕತ್ತು ಮುರಿದು ತೆರೆಯುವ ಬೆರಳುದ್ದದ ಗಾಜಿನ ಸೀಸೆಯಲ್ಲಿ, ಅಂದರೆ ಆಂಪೂಲಿನಲ್ಲಿರುತ್ತದೆ. ಎರಡು ನಿಮಿಷದಲ್ಲಿ ಹತ್ತಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಇಳಿದುಹೋಗುತ್ತದೆ. ಅದರ ಕಾಗದಪತ್ರ ಮಾತ್ರ ವರ್ಷಗಟ್ಟಲೆ ಇಳಿಯುವುದಿಲ್ಲ. ಚಟಕ್ಕೆ ಬೀಳುವವರಿದ್ದಾರೆ, ಕದ್ದು ಮಾರುವವರೂ ಇದ್ದಾರೆ. ಹಾಗಾಗಿ ಎರಡು ಬೀಗದ ಬೀರುವಿನಲ್ಲಿಟ್ಟು, ಎರಡು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಎಷ್ಟು ತುಂಬಿದ್ದು ಹೋಯಿತೋ ಅಷ್ಟೇ ಖಾಲಿ ವಾಪಸು ಬರಬೇಕು. ಬರುವವರೆಗೆ ಆ ಥಿಯೇಟರಿನವರು ಯಾರೂ ಮನೆಗೆ ಹೋಗುವಂತಿಲ್ಲ.

ಆ ಬೀರುವಿನ ಒಡತಿ ಬೀಗದಕ್ಕ. ಎರಡು ಬೀಗದ ಕೈಗಳನ್ನು ಕೊರಳಿಗೆ ಹಾಕಿಕೊಂಡೇ ಊಟ ಮಾಡುವವಳು. ಗ್ಯಾಸಣ್ಣ ಕಿಟಕಿಯಲ್ಲಿಟ್ಟ ಟ್ರೇಯನ್ನು ಒಮ್ಮೆ ನೋಡಿ ಅವನ ಮುಖ ನೋಡಿದಳು.

"ಐದು ಹೋಗಿತ್ತು. ಇಲ್ಲಿ ನಾಲ್ಕಿದೆ."

"ಸರಿಯಾಗಿ ನೋಡಕ್ಕ."

"ನಾಲ್ಕನ್ನ ಎಷ್ಟು ಸರಿಯಾಗಿ ನೋಡಿದ್ರೂ ನಾಲ್ಕೇ ಕಣೋ." ಆಮೇಲೆ ಅವಳ ಕಣ್ಣು ಅವನ ಊದಿದ ಕೆನ್ನೆಯ ಮೇಲೆ, ನಿದ್ದೆಗೆಟ್ಟ ಕಣ್ಣುಗಳ ಮೇಲೆ ನಿಂತಿತು. "ಹಲ್ಲು ನೋವು ತುಂಬಾ ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಗ್ಯಾಸಣ್ಣನ ಕೈ ಕೆನ್ನೆಗೆ ಹೋಯಿತು. "ಅಕ್ಕಾ, ಹಲ್ಲು ನೋವಿಗೆ ಯಾರಾದ್ರೂ ಫೆಂಟನಿಲ್ ತಗೋತಾರಾ?"

"ನಾನೇನೂ ಹೇಳಲಿಲ್ಲಪ್ಪ. ನೀನೇ ಹೇಳಿದ್ದು. ಐದನೇದನ್ನ ತಗೊಂಡು ಬಾ. ಇಲ್ಲಾಂದ್ರೆ ವರದಿ ಬರಿ, ದೊಡ್ಡ ಡಾಕ್ಟರ ಸಹಿ ಹಾಕಿಸು."

"ಅವರೆಲ್ಲಿದ್ದಾರೆ?"

"ಮೀಟಿಂಗಿನಲ್ಲಿ. ಐದು ಗಂಟೆಗೆ ಬರ್ತಾರೆ. ಕಮ್ಮಿ ಬಿದ್ದದ್ದಕ್ಕೆಲ್ಲ ಎಬ್ಬಿಸಬೇಡಿ ಅಂದಿದ್ದಾರೆ."

ಗ್ಯಾಸಣ್ಣ ಟ್ರೇಗೆ ಹಸಿರು ಬಟ್ಟೆ ಮುಚ್ಚಿಕೊಂಡು ಥಿಯೇಟರಿಗೆ ವಾಪಸು ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಮನೆಗೆ ಹೊರಟಿದ್ದ ಮೂವರು, ಅಂದರೆ ಡಾಕ್ಟರಮ್ಮ, ಹಿರಿಯ ಸಿಸ್ಟರು ಮತ್ತು ಆಯಾ, ಹೆಗಲಿನ ಚೀಲ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು. ನಾಲ್ಕೂ ಜನ ಬೆಳಗಿನ ಆರರಿಂದ ನಿಂತವರು. ಸಿಟ್ಟು ಮಾಡಿಕೊಳ್ಳಲಿಕ್ಕೂ ಯಾರಲ್ಲೂ ಶಕ್ತಿ ಇರಲಿಲ್ಲ.

"ಕೊನೇ ಕೇಸಿಗೆ ಇನ್ನೊಂದು ಒಡಿ ಅಂದೆನಲ್ಲ, ಅದೇ ಇರಬೇಕು," ಎಂದರು ಡಾಕ್ಟರಮ್ಮ. "ಎಲ್ಲಿಟ್ಟೆ?"

"ಟ್ರೇಯಲ್ಲೇ ಇಟ್ಟೆ ಮೇಡಂ."

"ಇಟ್ಟಿದ್ರೆ ಇರ್ತಿತ್ತು," ಎಂದರು ಹಿರಿಯ ಸಿಸ್ಟರು. ಇಂಥ ಮಾತು ಆಡುವುದಕ್ಕೆಂದೇ ಅವರು ಹಿರಿಯರಾಗಿದ್ದರು.

ಹುಡುಕಾಟ ಶುರುವಾಯಿತು. ಮೇಜಿನಡಿ, ಯಂತ್ರದ ಹಿಂದೆ, ಒಗೆಯಲು ಕಟ್ಟಿಟ್ಟ ಬಟ್ಟೆಯ ಗಂಟು. ಗ್ಯಾಸಣ್ಣ ಬಗ್ಗಿದಾಗಲೆಲ್ಲ ನೋವು ಹಲ್ಲಿನಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರುತ್ತಿತ್ತು. ಡಾಕ್ಟರಮ್ಮ ಎಲ್ಲರ ಚಪ್ಪಲಿ ಬಿಡಿಸಿ ಅಲ್ಲಾಡಿಸಿದರು. ಆಯಾ ಕಸದ ಚೀಲಗಳನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಪಕ್ಕದ ಥಿಯೇಟರಿನವರು ಬಾಗಿಲಲ್ಲಿ ನಿಂತು, "ಹಲ್ಲು ನೋವಂತೆ, ಪಾಪ" ಎಂದು ಅರ್ಥಗರ್ಭಿತವಾಗಿ ಹೇಳಿ ಹೋದರು.

ಎರಡೂ ಮುಕ್ಕಾಲಿಗೆ ಹೆಂಡತಿಯ ಫೋನು ಬಂತು. "ರೀ, ಹೊರಟ್ರಾ?"

"ಇನ್ನೂ ಇಲ್ಲ ಕಣೇ. ಒಂದು ಖಾಲಿ ಸೀಸೆ ಕಳೆದಿದೆ."

"ಖಾಲಿದು ತಾನೇ? ಹೋದ್ರೆ ಹೋಗಲಿ ಬಿಡಿ. ಮನೇಲಿ ಬೇಕಾದಷ್ಟಿದೆ, ಕಳಿಸಲಾ?"

ಉತ್ತರ ಕೊಡಲು ಬಾಯಿ ತೆರೆದರೆ ಹಲ್ಲಿಗೆ ಗಾಳಿ ತಾಗುತ್ತಿತ್ತು. ಗ್ಯಾಸಣ್ಣ ಫೋನು ಇಟ್ಟು, ಬಾಯಿ ಮುಕ್ಕಳಿಸಲು ನಲ್ಲಿಯ ಹತ್ತಿರ ಹೋದ. ಬೆಚ್ಚಗಿನ ನೀರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಅಳು ಬರುವಂತಿತ್ತು. ನಲವತ್ತೈದು ವರ್ಷದ ಗಂಡಸು ಒಂದು ಒಡಕು ಗಾಜಿಗೆ ಅಳುವುದೇ ಎಂದು ನಾಚಿಕೆಯೂ ಆಯಿತು.

ಕಣ್ಣು ತೆರೆದರೆ ಪಕ್ಕದಲ್ಲಿ ಹಿರಿಯ ಸಿಸ್ಟರು. ಸುತ್ತ ಒಮ್ಮೆ ನೋಡಿ ಅವನ ಅಂಗೈಯಲ್ಲಿ ಏನೋ ಒತ್ತಿ ಬೆರಳು ಮಡಿಚಿದರು. ಖಾಲಿ ಆಂಪೂಲು.

"ಸಿಕ್ತಾ?"

"ಶ್! ಇದು ಅದಲ್ಲ. ನಾಲ್ಕು ವರ್ಷದ ಹಿಂದೆ ನನ್ನದೂ ಒಂದು ಹೀಗೇ ಕಳೆದಿತ್ತು. ವರದಿ ಬರೆದು, ಬೈಸಿಕೊಂಡು, ಎಲ್ಲಾ ಮುಗಿದ ಮೇಲೆ ಕೋಟಿನ ಜೇಬಲ್ಲಿ ಸಿಕ್ತು. ಆಮೇಲೆ ಕೊಡೋಕೆ ಧೈರ್ಯ ಯಾರಿಗಿರುತ್ತೆ? ಆಪತ್ತಿಗಾಗಲಿ ಅಂತ ಇಟ್ಟಿದ್ದೆ. ತಗೊಂಡು ಹೋಗಿ ಹಲ್ಲು ಕೀಳಿಸ್ಕೋ."

"ತಪ್ಪಲ್ವಾ ಸಿಸ್ಟರ್?"

"ತಪ್ಪೇ. ನಿನ್ನ ಮುಖ ನೋಡೋಕಾಗ್ತಿಲ್ಲ, ಅದಕ್ಕೆ."

ಗ್ಯಾಸಣ್ಣ ಕೆಟ್ಟವನಲ್ಲ. ಹದಿನೆಂಟು ವರ್ಷದಲ್ಲಿ ಒಂದು ಹತ್ತಿಯ ಉಂಡೆಯನ್ನೂ ಮನೆಗೆ ಒಯ್ದವನಲ್ಲ. ಐದು ನಿಮಿಷ ಅವನ ಮನಸ್ಸಾಕ್ಷಿ ಮತ್ತು ಹಲ್ಲು ಜಗಳವಾಡಿದವು. ಹಲ್ಲಿಗೆ ಬೇರು ಜಾಸ್ತಿ ಇತ್ತು, ಅದೇ ಗೆದ್ದಿತು. ಥಿಯೇಟರಿನಲ್ಲಿ ಯಾರೂ ಇಲ್ಲದ್ದು ನೋಡಿ, ಹಸಿರು ಬಟ್ಟೆಯ ಅಂಚಿನಡಿ ಕೈ ತೂರಿಸಿ ಆಂಪೂಲನ್ನು ಟ್ರೇಯೊಳಗೆ ಬಿಟ್ಟ. ಅತ್ತ ನೋಡುವ ಧೈರ್ಯವೂ ಆಗಲಿಲ್ಲ. ಟ್ರೇ ಎತ್ತಿಕೊಂಡು ನಡೆದ. ಗಡಿಯಾರದಲ್ಲಿ ಮೂರು ಇಪ್ಪತ್ತು. ಇವನ ಮುಖ ನೋಡಿ ಮೂವರೂ ಹಿಂದೆಯೇ ಬಂದರು.

"ಸಿಕ್ತು ಅಕ್ಕ," ಎಂದ, ಕಿಟಕಿಯ ಕಟ್ಟೆಯ ಮೇಲೆ ಟ್ರೇ ಇಡುತ್ತ.

ಬೀಗದಕ್ಕ ಬಟ್ಟೆ ತೆಗೆದಳು. ಬೆರಳಿಟ್ಟು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ಬೆರಳಿಟ್ಟಳು.

"ಏಳಿದೆ."

ಗ್ಯಾಸಣ್ಣ ತಿರುಗಿ ನೋಡಿದ. ಡಾಕ್ಟರಮ್ಮ ಸೂರಿನ ಫ್ಯಾನು ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಅವರದೂ ಹಿಂದೊಮ್ಮೆ ಒಂದು ಕಳೆದು, ತಡವಾಗಿ ಸಿಕ್ಕು, ಕೈಚೀಲದ ಮೂಲೆಯಲ್ಲಿ ಕೂತಿದ್ದು ಇವತ್ತು ಟ್ರೇಗೆ ಇಳಿದಿತ್ತೆಂದು ಆಗ ಯಾರೂ ಹೇಳಬೇಕಾಗಲಿಲ್ಲ. ಆಯಾ ಮಾತ್ರ ಮುಂದೆ ಬಂದು ಸಂತೋಷದಿಂದ ಹೇಳಿದಳು:

"ಕಳೆದದ್ದು ಸಿಕ್ತಲ್ಲಣ್ಣ! ಕಸದಲ್ಲಿ ಬಿಸಾಕಿದ ಪ್ಲಾಸ್ಟರಿಗೆ ಅಂಟಿಕೊಂಡಿತ್ತು. ನೀನು ನಲ್ಲಿ ಹತ್ರ ಇದ್ದೆ, ನಾನೇ ಟ್ರೇಗೆ ಹಾಕಿ ಕೈ ತೊಳೆಯೋಕೆ ಹೋದೆ."

ಅಂದರೆ ಸುಮ್ಮನೆ ಹಲ್ಲು ಹಿಡಿದುಕೊಂಡು ನಿಂತಿದ್ದರೆ ಸಾಕಿತ್ತು. ಗ್ಯಾಸಣ್ಣ ಕಟ್ಟೆಗೆ ಹಣೆ ಒರಗಿಸಿದ.

"ಹಾಗಾದ್ರೆ ಇನ್ನೆರಡು ಯಾವುದು?" ಬೀಗದಕ್ಕ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದಳು. "ಇದರ ತಾರೀಕು ಮುಗಿದು ಮೂರು ವರ್ಷ ಆಯ್ತು. ಇದರದ್ದು ಒಂದೂವರೆ ವರ್ಷ. ಕಮ್ಮಿ ಬಂದ್ರೆ ಕಳೀತು ಅನ್ನಬಹುದಪ್ಪ. ಜಾಸ್ತಿ ಬಂದ್ರೆ ಏನನ್ನೋದು? ಎಲ್ಲಿಂದ ತಂದ್ರಿ, ಯಾರಿಗೆ ಚುಚ್ಚಿದ್ರಿ?"

ಅವಳು ಫೋನೆತ್ತಿದಳು. ಕಮ್ಮಿ ಬಿದ್ದದ್ದಕ್ಕೆ ಮೀಟಿಂಗು ಬಿಟ್ಟು ಬಾರದ ದೊಡ್ಡ ಡಾಕ್ಟರು ಜಾಸ್ತಿ ಬಿದ್ದದ್ದಕ್ಕೆ ಮೂರೇ ನಿಮಿಷದಲ್ಲಿ ಓಡಿ ಬಂದರು. ಬಂದವರು ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ಡಾಕ್ಟರಮ್ಮ ಗೊತ್ತಿಲ್ಲ ಅಂದರು. ಹಿರಿಯ ಸಿಸ್ಟರು ಗೊತ್ತಿಲ್ಲ ಅಂದರು. ಪಾಪ, ತನಗಾಗಿ ತಪ್ಪು ಮಾಡಿದವರ ಹೆಸರು ಹೇಗೆ ಹೇಳುವುದು ಎಂದು ಗ್ಯಾಸಣ್ಣನೂ ಗೊತ್ತಿಲ್ಲ ಅಂದ. ನಿಜವಾಗಿ ಏನೂ ಗೊತ್ತಿಲ್ಲದ ಆಯಾ ಒಬ್ಬಳೇ ಅಳತೊಡಗಿದಳು.

ವಿಚಾರಣೆ, ಹೇಳಿಕೆ, ಸಹಿ ಎಲ್ಲ ಮುಗಿಯುವಾಗ ಐದೂಕಾಲು. ಹಲ್ಲಿನ ಡಾಕ್ಟರು ಬಾಗಿಲು ಹಾಕಿ ಹೋಗಿ ಬಹಳ ಹೊತ್ತಾಗಿತ್ತು. ಹದಿನೈದು ದಿನ! ಗ್ಯಾಸಣ್ಣ ಬೆಂಚಿನ ಮೇಲೆ ಕುಸಿದು, ಮೆಡಿಕಲ್ ಶಾಪಿನಿಂದ ಆಯಾಳ ಕೈಲಿ ತರಿಸಿದ ನೋವಿನ ಮಾತ್ರೆಯ ಪಟ್ಟಿಯಿಂದ ಒಂದನ್ನು ಬಿಡಿಸಿ ನಾಲಿಗೆಯ ಹತ್ತಿರ ಒಯ್ದ.

"ಏಯ್, ನಿಲ್ಲು!" ಬೀಗದಕ್ಕ ಕಿಟಕಿಯಿಂದ ಕೈ ಚಾಚಿ ಹಿಡಿದಳು. "ನಾಳೆ ಬೆಳಿಗ್ಗೆ ನಿಮ್ಮೆಲ್ಲರ ರಕ್ತ ಪರೀಕ್ಷೆಗೆ ಹೋಗುತ್ತೆ. ವಿಚಾರಣೆ ಮುಗಿಯೋವರೆಗೆ ನೋವಿನ ಔಷಧಿ ಒಂದೂ ಮುಟ್ಟಬಾರದು ಅಂತ ದೊಡ್ಡ ಡಾಕ್ಟರು ಬರೆದಿದ್ದಾರೆ."

"ವಿಚಾರಣೆ ಯಾವಾಗ ಮುಗಿಯುತ್ತಕ್ಕ?"

"ಬೇಗ ಮುಗಿಸ್ತಾರೆ. ಒಂದು ತಿಂಗಳು."

ಅವನ ಕೈಯಿಂದ ಮಾತ್ರೆಯನ್ನೂ ಪಟ್ಟಿಯನ್ನೂ ತೆಗೆದುಕೊಂಡು, ಎರಡು ಬೀಗದ ಬೀರುವಿನಲ್ಲಿಟ್ಟು, "ಬಿಡಿಸಿದ್ದೂ ಸೇರಿ ಹತ್ತು ಇದೆ, ನೋಡ್ಕೋ," ಎಂದು ಗ್ಯಾಸಣ್ಣನ ಸಹಿ ಹಾಕಿಸಿಕೊಂಡಳು.